ತೇರಿನ ಲೆಕ್ಕ ಬೇರೆ, ಮಳೆಯ ಲೆಕ್ಕ ಬೇರೆ

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ದೊಡ್ಡ ತೇರು 2024ರಲ್ಲಿ ಹರಿದದ್ದು ಮಾರ್ಚ್ 26ಕ್ಕೆ. ಮರುವರ್ಷ ಮಾರ್ಚ್ 16ಕ್ಕೆ. ಹತ್ತು ದಿನ ಮುಂಚಿತವಾಗಿ ಬಂತಲ್ಲ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಫಾಲ್ಗುಣದ ಚಿತ್ತಾ ನಕ್ಷತ್ರ ಯಾವತ್ತು ಬೀಳುತ್ತದೋ ಅವತ್ತು ತೇರು, ಅಷ್ಟೇ. ರೋಹಿಣಿ ಮಳೆ ಹಾಗಲ್ಲ. ಅದು ಎರಡು ವರ್ಷವೂ ಮೇ 25ರ ಆಸುಪಾಸಿನಲ್ಲೇ ಹುಟ್ಟಿತು. ರೋಹಿಣಿಯೇನಾದರೂ ಹತ್ತು ದಿನ ಹಿಂದುಮುಂದಾಗಿದ್ದರೆ ಬೀಜದ ಅಂಗಡಿಯಿಂದ ಹಿಡಿದು ಚಹಾದಂಗಡಿಯವರೆಗೆ ಅದೇ ಮಾತಾಗುತ್ತಿತ್ತು.

ನಮ್ಮ ಚಿತ್ರದುರ್ಗ ಸೀಮೆಯ ಜನ ಬಹಳ ಹಿಂದಿನಿಂದಲೂ ಎರಡು ಲೆಕ್ಕ ಇಟ್ಟುಕೊಂಡು ಬಾಳಿದವರು. ಸಂತರ ಜಾತ್ರೆಗೆ ಚಂದ್ರನ ಲೆಕ್ಕ, ಬಿತ್ತನೆಗೆ ಸೂರ್ಯನ ಲೆಕ್ಕ. ಇದನ್ನು ಗಮನಿಸಿದರೆ ಒಂದು ಸೋಜಿಗದ ಪ್ರಶ್ನೆಗೆ ಉತ್ತರ ಸಿಗುತ್ತದೆ. ಯುರೋಪಿನ ತುಂಬ ಸಂತರ ಹಬ್ಬದ ದಿನ ನೋಡಿ ಮಳೆ ಹೇಳುವ ಗಾದೆಗಳಿವೆ. ಜಾತ್ರೆಗೆ ಬರವೇ ಇಲ್ಲದ ನಮ್ಮ ನಾಡಿನಲ್ಲಿ ಅಂಥ ಗಾದೆಗಳು ಯಾಕೆ ಬೆಳೆಯಲಿಲ್ಲ?

ಯುರೋಪಿನ ಆ ಗಾದೆಗಳಲ್ಲಿ ಹೆಸರಾದದ್ದು ಇಂಗ್ಲೆಂಡಿನ ಸಂತ ಸ್ವಿದಿನ್ ದಿನದ್ದು, ಜುಲೈ 15. ಸ್ವಿದಿನ್ 9ನೇ ಶತಮಾನದಲ್ಲಿ ವಿಂಚೆಸ್ಟರ್‌ನ ಬಿಷಪ್ ಆಗಿದ್ದವರು. ತಮ್ಮನ್ನು ಚರ್ಚಿನ ಒಳಗೆ ಹೂಳಬೇಡಿ, ಮಳೆ ಬೀಳುವ ಬಯಲಲ್ಲೇ ಹೂಳಿ ಎಂದು ಅವರು ಕೇಳಿಕೊಂಡಿದ್ದರಂತೆ. 971ರ ಜುಲೈ 15ರಂದು ಅವರ ಅಸ್ಥಿಯನ್ನು ಎತ್ತಿ ಒಳಗೆ ತಂದಾಗ ಸಂತರಿಗೆ ಸಿಟ್ಟು ಬಂದು ಮಳೆ ಹಿಡಿಯಿತು ಎಂಬುದು ಕಥೆ. ಅಂದಿನಿಂದ, ಆ ದಿನ ಮಳೆ ಬಂದರೆ ನಲವತ್ತು ದಿನ ಮಳೆ, ಬಿಸಿಲಿದ್ದರೆ ನಲವತ್ತು ದಿನ ಬಿಸಿಲು ಎಂಬ ನಂಬಿಕೆ. ಜರ್ಮನಿಯಲ್ಲಿ ಜೂನ್ 27ರ ‘ಏಳು ನಿದ್ರಾಳುಗಳ ದಿನ’ಕ್ಕೂ ಇಂಥದ್ದೇ ಗಾದೆಯಿದೆ, ಅಲ್ಲಿ ಏಳು ವಾರ. ಫ್ರಾನ್ಸಿನಲ್ಲಿ ಜೂನ್ 8ರ ಸಂತ ಮೆದಾರ್.

ಇಂಗ್ಲೆಂಡಿನಲ್ಲಿ 1861ರಿಂದ ಇಟ್ಟ ಹವಾಮಾನದ ದಾಖಲೆಯಲ್ಲಿ ಸ್ವಿದಿನ್ ದಿನದ ನಂತರ ನಲವತ್ತು ದಿನ ಸತತ ಮಳೆಯಾದದ್ದೂ ಇಲ್ಲ, ಸತತ ಒಣಗಿದ್ದೂ ಇಲ್ಲ. ಹಾಗಂತ ಗಾದೆ ಪೂರಾ ಪೊಳ್ಳೂ ಅಲ್ಲ. ಯುರೋಪಿನ ಮೇಲೆ ಬಲು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಪ್ರವಾಹ ಜೂನ್ ಕೊನೆ, ಜುಲೈ ಹೊತ್ತಿಗೆ ಒಂದು ಪಥ ಹಿಡಿದು ನಿಲ್ಲುವುದುಂಟು. ಅದು ತೆಂಕಣಕ್ಕೆ ಸರಿದು ನಿಂತರೆ ವಾರಗಟ್ಟಲೆ ಮೋಡ, ಬಡಗಣಕ್ಕೆ ಸರಿದರೆ ವಾರಗಟ್ಟಲೆ ಬಿಸಿಲು. ಹಾಗಾಗಿ ಜುಲೈ ಮೊದಲ ವಾರಗಳಲ್ಲಿ ಹಿಡಿದ ಹವೆ ಮುಂದುವರಿಯುವ ಸಾಧ್ಯತೆ ಹೆಚ್ಚು. ಇನ್ನೊಂದು ತಮಾಷೆಯಿದೆ. 1752ರಲ್ಲಿ ಬ್ರಿಟನ್ ತನ್ನ ಕ್ಯಾಲೆಂಡರ್ ಬದಲಿಸಿ 11 ದಿನ ಕಿತ್ತುಹಾಕಿತು. ಗಾದೆ ಹುಟ್ಟಿದ ಹಳೆಯ ಜುಲೈ 15 ಆಗಿನ ಹೊಸ ಲೆಕ್ಕದಲ್ಲಿ ಜುಲೈ 26 ಆಯಿತು. ಗಾದೆ ಮಾತ್ರ ಹೊಸ 15ಕ್ಕೇ ಅಂಟಿಕೊಂಡು ಕೂತಿದೆ.

ಅಲ್ಲಿ ಗಾದೆ ಸಂತನ ಹೆಸರಿಗೆ ಅಂಟಿಕೊಂಡಿದ್ದಕ್ಕೆ ಕಾರಣ ಭಕ್ತಿಯಷ್ಟೇ ಅಲ್ಲ. ಅವರ ಸಂತರ ದಿನಗಳಲ್ಲಿ ಹೆಚ್ಚಿನವು ಸೌರ ವರ್ಷದಲ್ಲಿ ಕದಲದೆ ಕೂತಿವೆ. ನಮ್ಮ ಜಾತ್ರೆಗಳು ತಿಥಿ, ಹುಣ್ಣಿಮೆ, ದಿನದ ನಕ್ಷತ್ರ ನೋಡಿ ನಡೆಯುವಂಥವು. ಚಾಂದ್ರಮಾನ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಗಿಡ್ಡ. ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದು ಅದನ್ನು ಎಳೆದು ಸರಿಪಡಿಸುವವರೆಗೆ ಜಾತ್ರೆ ಹಿಂದಕ್ಕೆ ಜಾರುತ್ತಲೇ ಇರುತ್ತದೆ. ಹೀಗೆ ಓಡಾಡುವ ದಿನದ ಮೇಲೆ ಮೋಡದ ಭವಿಷ್ಯ ಕಟ್ಟಲು ಬಾರದು. ರೈತನಿಗೆ ಇದು ಗೊತ್ತಿತ್ತು. ಅದಕ್ಕೇ ಮಳೆ ಲೆಕ್ಕಕ್ಕೆ ಸೂರ್ಯನ ನಕ್ಷತ್ರ ಹಿಡಿದ.

ಈ ಲೆಕ್ಕ ಗೊತ್ತಿರುವವರಿಗೆ ವಿವರಣೆ ಬೇಡ. ಈಗಿನ ಹುಡುಗರಿಗಾಗಿ ಎರಡು ಮಾತು. ಆಕಾಶದಲ್ಲಿ ಸೂರ್ಯ ಸಾಗುವ ದಾರಿಯನ್ನು 27 ನಕ್ಷತ್ರಗಳಿಗೆ ಸಮನಾಗಿ ಹಂಚಿದರೆ ಒಂದೊಂದರ ಪಾಲಿಗೆ ಹದಿಮೂರೂವರೆ ದಿನ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಆಗ ಬಿದ್ದ ಮಳೆ ಆ ನಕ್ಷತ್ರದ ಮಳೆ. ಏಪ್ರಿಲ್ ನಡುವಿಗೆ ಅಶ್ವಿನಿ, ಕೊನೆಗೆ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕೆ, ಆಮೇಲೆ ರೋಹಿಣಿ. ಜೂನ್ ಎರಡನೇ ವಾರಕ್ಕೆ ಮೃಗಶಿರ, 22ರ ಹೊತ್ತಿಗೆ ಆರಿದ್ರ. ಹೀಗೆ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ದಾಟಿ ನವೆಂಬರಿನ ವಿಶಾಖ, ಅನುರಾಧದವರೆಗೆ. ಒಂದೊಂದಕ್ಕೂ ನಾಲ್ಕು ಪಾದ, ಪಾದಕ್ಕೆ ಮೂರು ದಿನ ಚಿಲ್ಲರೆ. ಇಂಗ್ಲೆಂಡಿನ ಸ್ವಿದಿನ್ ದಿನ ನಮ್ಮ ಲೆಕ್ಕದಲ್ಲಿ ಪುನರ್ವಸು ಮಳೆಯ ಮೂರನೇ ಪಾದದೊಳಗೆ ಬೀಳುತ್ತದೆ.

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಚಿತ್ರದುರ್ಗದ ಕಡೆಯ ಹಳಿ ಕವಲೊಡೆಯುತ್ತದೆ. ಗಾಡಿ ಬದಲಿಸಲು ಇಳಿದವರು ಪ್ಲಾಟ್‌ಫಾರ್ಮಿನ ಮೇಲೆ ಕಾಯಲೇಬೇಕು. ಕಾಯುವವರ ಮಾತು ಜೂನ್ ತಿಂಗಳಲ್ಲಿ ಹೆಚ್ಚಾಗಿ ಒಂದೇ, ಮಳೆ. ಹೊಸದುರ್ಗದ ಕಡೆಯ ಹಿರಿಯರೊಬ್ಬರು ಒಮ್ಮೆ ಪಕ್ಕದ ಹುಡುಗನನ್ನು ಕೇಳುತ್ತಿದ್ದರು: ‘ಏನಪ್ಪಾ, ನಿಮ್ಮ ಕಡೆ ಬಿತ್ತನೆ ಆತಾ?’

‘ಇಲ್ಲ ಯಜಮಾನ್ರೇ. ಫೋನಿನಾಗೆ ಗುರುವಾರ ಮಳೆ ಅಂತ ತೋರ್ಸೈತೆ, ನೋಡ್ಬೇಕು.’

‘ಫೋನ್ ಇರ್ಲಿ ಬಿಡು. ಮಿರ್ಗಾ ಮೂರ್ನೇ ಪಾದಕ್ಕೆ ಬಂತು, ಹದ ಆಗ್ಲಿಲ್ಲ. ಇನ್ನ ಆರಿದ್ರಕ್ಕೇ ಕೂರಿಗೆ ಹೂಡ್ಬೇಕು.’

ಹುಡುಗ ಫೋನ್ ನೋಡಿ, ಆರಿದ್ರ ಎಷ್ಟನೇ ತಾರೀಖು ಎಂದು ಕೇಳಿದ. ಯಜಮಾನರು ಬೆರಳು ಮಡಚಿ ಎಣಿಸಿ ಹೇಳಿಬಿಟ್ಟರು. ಇಬ್ಬರಲ್ಲಿ ಯಾರು ಸರಿ ಎಂಬ ಪ್ರಶ್ನೆಯೇ ತಪ್ಪು ಎಂದು ನನ್ನ ಅಭಿಪ್ರಾಯ. ಫೋನು ಹೇಳುವುದು ಬರುವ ಗುರುವಾರದ ಮಾತು. ಯಜಮಾನರ ಬೆರಳು ಹೇಳುವುದು, ತಲೆಮಾರುಗಳ ಅನುಭವದಲ್ಲಿ ಈ ಹದಿಮೂರು ದಿನಗಳ ನಡತೆ ಹೇಗೆ, ಈಗ ಬಿತ್ತಿದ್ದು ತೆನೆ ಕಟ್ಟುವ ಹೊತ್ತಿಗೆ ಯಾವ ಮಳೆ ಸಿಗುತ್ತದೆ ಎಂಬುದನ್ನು. ಒಂದು ಮುನ್ಸೂಚನೆ, ಇನ್ನೊಂದು ಸರಾಸರಿ.

ಸರಾಸರಿ ಎಂದಮೇಲೆ ಅದು ಯಾವ ಊರಿನದು ಎಂದು ಕೇಳಲೇಬೇಕು. ಇಲ್ಲಿಯೇ ನಮ್ಮ ಗಾದೆಗಳು ಮುಗ್ಗರಿಸುವುದು. ‘ಆರಿದ್ರ ಮಳೆ ಆರದೆ ಹುಯ್ಯುತ್ತೆ’ ಎಂಬುದು ತೀರ್ಥಹಳ್ಳಿಯಲ್ಲಿ, ಆಗುಂಬೆಯಲ್ಲಿ ನಿಂತವನಿಗೆ ಕಣ್ಣೆದುರಿನ ಸತ್ಯ. ಚಳ್ಳಕೆರೆಯಲ್ಲಿ ನಿಂತವನಿಗೆ ಅದು ಪರದೇಶದ ಸುದ್ದಿ. ಅರಬ್ಬಿ ಸಮುದ್ರದ ಮೋಡ ಪಶ್ಚಿಮ ಘಟ್ಟ ಹತ್ತುವಾಗಲೇ ತನ್ನ ನೀರನ್ನೆಲ್ಲ ಸುರಿದು, ನಮ್ಮ ಬಯಲಿಗೆ ಬರುವ ಹೊತ್ತಿಗೆ ಬರಿಗೈ ಆಗಿರುತ್ತದೆ. ಜೂನ್, ಜುಲೈನಲ್ಲಿ ಇಲ್ಲಿ ಬೀಸುವುದು ಗಾಳಿ, ಉದುರುವುದು ಸೋನೆ. ಘಟ್ಟಕ್ಕೆ ತುಸು ಹತ್ತಿರದ ಹೊಳಲ್ಕೆರೆ ತಾಲ್ಲೂಕಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ದಾಟುವ ಮಳೆ, ಪೂರ್ವದ ಚಳ್ಳಕೆರೆಗೆ ಹೋದರೆ 500 ಕೂಡ ಮುಟ್ಟುವುದಿಲ್ಲ. ಒಂದೇ ಜಿಲ್ಲೆ, ಒಂದೇ ಪಂಚಾಂಗ. ಈ ಕಡೆ ಅಡಿಕೆ ತೋಟ, ಆ ಕಡೆ ಶೇಂಗಾ ಹೊಲ.

ನಮಗೆ ನಿಜವಾಗಿ ನೀರು ಕೊಡುವುದು ಎರಡು ತುದಿಯ ಮಳೆಗಳು. ಮೇ ತಿಂಗಳ ಗುಡುಗು ಸಿಡಿಲಿನ ಭರಣಿ, ಕೃತ್ತಿಕೆ ಒಂದು ತುದಿ. ಸೆಪ್ಟೆಂಬರ್, ಅಕ್ಟೋಬರಿನ ಉತ್ತರೆ, ಹಸ್ತ, ಚಿತ್ತೆ ಇನ್ನೊಂದು ತುದಿ. ಆದ್ದರಿಂದ ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಮಾತನ್ನು ನಾನು ನಮ್ಮ ಸೀಮೆಯ ಗಾದೆ ಎಂದೇ ಒಪ್ಪಿಕೊಳ್ಳುತ್ತೇನೆ. ಬೇಸಿಗೆಯ ಕೊನೆಗೆ ಬೀಳುವ ಆ ನಾಲ್ಕು ಹದ ಮಳೆ ಇಲ್ಲದೆ ಹೊಲ ಉಳಲು ಬಾರದು, ಉಳದೆ ಬಿತ್ತಲು ಬಾರದು. ಕಪ್ಪು ನೆಲದ ಕಡಲೆ, ಬಿಳಿಜೋಳಕ್ಕೆ ಚಿತ್ತೆ ಸ್ವಾತಿಗಳೇ ಗತಿ. ‘ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ’ ಎನ್ನುತ್ತಾರಲ್ಲ, ಆ ಗಾದೆ ಕಟ್ಟಿದವರು ಕಂಡ ಜೋಳ ಈಗ ಹೊಳಲ್ಕೆರೆ ಸುತ್ತ ಹುಡುಕಿದರೂ ಅಪರೂಪ. ಓಣಿಯಲ್ಲಿ ಒಣಗುತ್ತಿರುವುದು ಮೆಕ್ಕೆಜೋಳ, ಅದೂ ಕೋಳಿ ಮೇವಿನ ಕಾರ್ಖಾನೆಗೆ.

ಇನ್ನೂ ಒಂದು ಸಂಗತಿ ಪಂಚಾಂಗ ಓದುವವರೂ ಅಷ್ಟಾಗಿ ಹೇಳುವುದಿಲ್ಲ. ನಕ್ಷತ್ರದ ಲೆಕ್ಕ ನಕ್ಷತ್ರಗಳನ್ನು ನೋಡಿ ಮಾಡಿದ್ದು, ಋತುಗಳನ್ನು ನೋಡಿ ಅಲ್ಲ. ಭೂಮಿಯ ಅಕ್ಷ ಬುಗುರಿಯಂತೆ ತೂಗುವುದರಿಂದ ಎರಡರ ನಡುವೆ ವರ್ಷಕ್ಕೆ ಇಪ್ಪತ್ತು ನಿಮಿಷದ ವ್ಯತ್ಯಾಸ. ಕೇಳಲು ಚಿಲ್ಲರೆ, ಆದರೆ ಸುಮಾರು 72 ವರ್ಷಕ್ಕೆ ಒಂದು ದಿನ ಆಯಿತು. ಐನೂರು ವರ್ಷದ ಹಿಂದೆ, ದುರ್ಗದ ನಾಯಕರ ಆಳ್ವಿಕೆ ಇನ್ನೂ ಶುರುವಾಗದ ಕಾಲದಲ್ಲಿ, ರೋಹಿಣಿ ಹುಟ್ಟುತ್ತಿದ್ದದ್ದು ಋತುವಿನ ಲೆಕ್ಕದಲ್ಲಿ ಈಗಿನದಕ್ಕಿಂತ ಒಂದು ವಾರ ಮುಂಚೆ. ಆಗಿನ ರೋಹಿಣಿಯ ಅರ್ಧ ಭಾಗ ಈಗಿನ ಕೃತ್ತಿಕೆಯೊಳಗೆ ಹೋಗಿ ಕೂತಿದೆ. ಅಲ್ಲಿ ಸ್ವಿದಿನ್ ದಿನ ರಾತ್ರೋರಾತ್ರಿ ಹನ್ನೊಂದು ದಿನ ಜಿಗಿಯಿತು, ಇಲ್ಲಿ ರೋಹಿಣಿ ಯಾರಿಗೂ ಗೊತ್ತಾಗದಂತೆ ವಾರದಷ್ಟು ಸರಿದಳು. ‘ಈಗ ಮಳೆಗಳು ಮೊದಲಿನಂಗಿಲ್ಲ’ ಎಂಬ ದೂರಿನಲ್ಲಿ ಹವಾಮಾನ ಬದಲಾವಣೆಯ ಪಾಲು ದೊಡ್ಡದು, ಒಪ್ಪೋಣ. ಇದರದ್ದೂ ಒಂದು ಚೂರು ಇದೆ.

ಹಾಗಾದರೆ ಚಾಂದ್ರಮಾನದ ಹಬ್ಬಗಳಲ್ಲಿ ಮಳೆ ಕೇಳುವ ಪದ್ಧತಿಯೇ ಇಲ್ಲವೇ? ಇದೆ, ಧಾರಾಳವಾಗಿದೆ. ಆದರೆ ಅಲ್ಲಿ ಮೋಡ ನೋಡುವುದಿಲ್ಲ, ಬೇರೇನನ್ನೋ ನೋಡುತ್ತಾರೆ. ಕಾರಹುಣ್ಣಿಮೆಯಲ್ಲಿ ಕರಿ ಹರಿಯುವಾಗ ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಚೆನ್ನ, ಕೆಂದೆತ್ತು ಮುಂದೆ ಬಂದರೆ ಮುಂಗಾರಿ ಚೆನ್ನ. ಭರತ ಹುಣ್ಣಿಮೆ ಕಳೆದು ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಉಪವಾಸವಿದ್ದ ಗೊರವಯ್ಯ ಡೆಂಕಣ ಮರಡಿಯಲ್ಲಿ ಎತ್ತರದ ಬಿಲ್ಲೇರುತ್ತಾನೆ. ‘ಸದ್ದಲೇ’ ಎಂದು ಕೂಗಿದ ಮೇಲೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ವಾಕ್ಯದ ಕಾರಣಿಕ ನುಡಿದು ಕೆಳಗೆ ಬೀಳುತ್ತಾನೆ. ನಮ್ಮ ಚಿತ್ರದುರ್ಗ, ಹೊಸದುರ್ಗದ ಕಡೆಯಿಂದಲೂ ಕಂಬಳಿ ಹೊದ್ದು ಹೋಗುವ ಭಕ್ತರಿಗೆ ಲೆಕ್ಕವಿಲ್ಲ. 2023ರ ಫೆಬ್ರುವರಿಯಲ್ಲಿ ಬಂದ ನುಡಿ ‘ಅಂಬಲಿ ಹಳಸಿತು, ಕಂಬಳಿ ಬೀಸಿತಲೇ ಪರಾಕ್’. ಅದು ಚುನಾವಣೆಯ ವರ್ಷ. ಮರುದಿನದಿಂದಲೇ ಕಂಬಳಿ ಯಾರದು, ಅಂಬಲಿ ಯಾರದು ಎಂಬ ವ್ಯಾಖ್ಯಾನ ಶುರು. ರಾಜಕೀಯದ ಗದ್ದಲದಲ್ಲಿ ಮಳೆಯ ವಿಷಯ ಹಿಂದೆ ಸರಿಯಿತು. ಆ ವರ್ಷದ ಆಗಸ್ಟ್ ಇಡೀ ದೇಶಕ್ಕೇ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಆಯಿತು. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಎನ್ನುತ್ತಾರೆ. ಆ ಮಘೆ ಬರಲೇ ಇಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು.

ಕಾರಣಿಕವನ್ನು ಹೀಗೆ ತಕ್ಕಡಿಗೆ ಹಾಕುವುದು ನ್ಯಾಯವಲ್ಲ ಎಂದೂ ಅನಿಸುತ್ತದೆ. ಹತ್ತು ಅರ್ಥ ಹೊರಡುವಂತೆ ಇರುವುದೇ ಅದರ ಗುಣ. ಕೇಳಿ ಬಂದ ರೈತ ಆ ನುಡಿ ನಂಬಿ ಬೀಜ ಕೊಳ್ಳುವುದಿಲ್ಲ, ಊರಿಗೆ ಬಂದು ಮತ್ತೆ ರೋಹಿಣಿ, ಮೃಗಶಿರವನ್ನೇ ಕಾಯುತ್ತಾನೆ. ಭಕ್ತಿಗೆ ಒಂದು ಕಿವಿ, ಬದುಕಿಗೆ ಇನ್ನೊಂದು.

ಆದರೆ ಮಳೆಯ ಹೆಸರಿನಲ್ಲಿ ನಡೆಯುವ ಎಲ್ಲವನ್ನೂ ಹೀಗೆ ನಗುತ್ತ ಬಿಡಲಾಗದು. ಕಪ್ಪೆ ಮದುವೆ ಮಾಡಲಿ, ಮಕ್ಕಳು ಮಣ್ಣಿನ ಮಳೆರಾಯನನ್ನು ತಲೆ ಮೇಲೆ ಹೊತ್ತು ಮನೆ ಮನೆಗೆ ಬಂದು ನೀರು ಹುಯ್ಯಿಸಿಕೊಂಡು ಹೋಗಲಿ, ಯಾರಿಗೂ ನಷ್ಟವಿಲ್ಲ. ತೊನ್ನಿದ್ದವರ ಹೆಣ ಹೂತದ್ದರಿಂದಲೇ ಮಳೆ ನಿಂತಿದೆ ಎಂದು ಗೋರಿ ಅಗೆದು ಹೆಣ ಹೊರತೆಗೆದು ಸುಡುವ ಪದ್ಧತಿ ಮಾತ್ರ ನಮ್ಮ ಜಿಲ್ಲೆಯ ಮರ್ಯಾದೆ ಕಳೆಯುವಂಥದ್ದು. ಬರ ಬಂದ ವರ್ಷಗಳಲ್ಲಿ ಚಿತ್ರದುರ್ಗ, ದಾವಣಗೆರೆ ಸೀಮೆಯಿಂದ ಇಂಥ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ತೊನ್ನು ಅಂಟುರೋಗವಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗಿ ಬಿಳಿ ಮಚ್ಚೆ ಬೀಳುತ್ತದೆ, ಅಷ್ಟೇ. ಘಟ್ಟದಲ್ಲಿ ನೀರಿಳಿಸಿ ಬಂದ ಮೋಡಕ್ಕೂ ಸತ್ತು ಮಣ್ಣಾದವರ ಚರ್ಮಕ್ಕೂ ಎತ್ತಣ ಸಂಬಂಧ? ಬದುಕಿದ್ದಾಗ ಮದುವೆ ಮುಂಜಿಗೆ ದೂರವಿಟ್ಟದ್ದು ಸಾಲದೆಂದು ಸತ್ತ ಮೇಲೂ ಮಲಗಲು ಬಿಡದ ಈ ಕ್ರೌರ್ಯಕ್ಕೆ ಜಾನಪದ ಎಂಬ ಹೆಸರು ಕೊಟ್ಟು ಯಾರೂ ರಕ್ಷಣೆಗೆ ಬರಬಾರದು.

ಈಗ ತಿಪ್ಪೇರುದ್ರಸ್ವಾಮಿಗೆ ಬರುತ್ತೇನೆ. ಕೊಟ್ಟೂರಿನ ಕೊಟ್ಟೂರೇಶ್ವರರಂತೆ ಇವರೂ ಪಂಚಗಣಾಧೀಶ್ವರರಲ್ಲಿ ಒಬ್ಬರು. ಊರೊಳಗೆ ಒಳಮಠ, ಊರಾಚೆ ಹೊರಮಠ. ಜಾತ್ರೆಗೆ ಕರ್ನಾಟಕದವರಷ್ಟೇ ಅಲ್ಲ, ಆಂಧ್ರದ ಕಡೆಯವರೂ ಗಾಡಿ ಕಟ್ಟಿಕೊಂಡು ಬರುತ್ತಾರೆ. ತೇರಿನ ಮುಂದೆ ರಾಶಿ ರಾಶಿ ಒಣಕೊಬ್ಬರಿ ಸುಡುತ್ತಾರೆ, ಆ ಹೊಗೆಯ ಕಮಟು ಮನೆಗೆ ಬಂದ ಮೇಲೂ ಬಟ್ಟೆಯಲ್ಲಿ ಉಳಿದಿರುತ್ತದೆ. ತೇರಿನ ಮುಕ್ತಿ ಬಾವುಟದ ಹರಾಜು ಲಕ್ಷಗಳಿಗೆ ಏರುತ್ತದೆ. ಇಷ್ಟು ದೊಡ್ಡ ಸಂತ, ಇಷ್ಟು ಒಣ ಸೀಮೆ. ಆದರೂ ‘ತೇರಿನ ದಿನ ಹನಿ ಬಿದ್ದರೆ ಇಷ್ಟು ದಿನ ಮಳೆ’ ಎಂಬಂಥ ನಿಯಮ ಅವರ ಹೆಸರಿಗೆ ಅಂಟಲಿಲ್ಲ. ಅವರ ಹೆಸರಿಗೆ ಅಂಟಿದ್ದು ಕೆರೆಗಳು.

ನಾಯಕನಹಟ್ಟಿ ಸುತ್ತಿನ ಕೆರೆಗಳನ್ನು ಕಟ್ಟಿಸಿದವರು ಸ್ವಾಮಿಯೇ ಎಂದು ಜನ ಹೇಳುತ್ತಾರೆ. ಕೆರೆ ತೋಡಲು ಬಂದವರಿಗೆ ಸಂಜೆ ಮರಳಿನ ಗುಡ್ಡೆ ಮಾಡಿಕೊಳ್ಳಲು ಹೇಳುತ್ತಿದ್ದರಂತೆ. ಗುಡ್ಡೆ ಕೆದಕಿದರೆ ಅವರವರು ದುಡಿದಷ್ಟೇ ಕೂಲಿ, ಕಾಸು ಹೆಚ್ಚಿಲ್ಲ ಕಾಸು ಕಮ್ಮಿಯಿಲ್ಲ. ಮೈಗಳ್ಳನ ಗುಡ್ಡೆಯಲ್ಲಿ ಬರೀ ಮರಳು. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಸ್ವಾಮಿಯ ಮಾತು ಇಂದಿಗೂ ಆ ಸೀಮೆಯ ಲಾರಿಗಳ ಹಣೆಯ ಮೇಲೆ, ಅಂಗಡಿಗಳ ಫಲಕದ ಮೇಲೆ ಕಾಣುವುದು. ಪವಾಡದ ಕಥೆಯೊಳಗೂ ಕೂಲಿಯ ಲೆಕ್ಕ ಇಟ್ಟ ಸಂತ ಇವರು. 500 ಮಿಲಿಮೀಟರಿಗೂ ಕಮ್ಮಿ ಮಳೆಯ ಊರಿನಲ್ಲಿ ಮಳೆ ಯಾವತ್ತು ಬರುತ್ತದೆ ಎಂಬುದಕ್ಕಿಂತ ಬಂದ ನಾಲ್ಕು ಮಳೆಯನ್ನು ಎಲ್ಲಿ ನಿಲ್ಲಿಸಿಕೊಳ್ಳುತ್ತೇವೆ ಎಂಬುದೇ ದೊಡ್ಡದು. ಸ್ವಿದಿನ್ ಮಳೆ ಸುರಿಸಿದ ಸಂತ, ತಿಪ್ಪೇರುದ್ರಸ್ವಾಮಿ ನೀರು ನಿಲ್ಲಿಸಿದ ಸಂತ. ನಮಗೆ ಬೇಕಾಗಿದ್ದದ್ದು ಎರಡನೆಯವರೇ.

ನೀರು ನಿಲ್ಲಿಸುವ ವಿಚಾರಕ್ಕೆ ಹಿರಿಯೂರಿನ ಮಾರಿಕಣಿವೆಯನ್ನು ನೋಡಿ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಕಟ್ಟೆ. 130 ಅಡಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ ಒಮ್ಮೆ. ಆಮೇಲೆ ಎಂಬತ್ತೊಂಬತ್ತು ವರ್ಷ ಕಾದು 2022ರ ಸೆಪ್ಟೆಂಬರ್ ಆರಂಭದಲ್ಲಿ, ಹುಬ್ಬೆ ಮಳೆಯ ಹೊತ್ತಿಗೆ ಮತ್ತೊಮ್ಮೆ. ಉಬ್ಬುಬ್ಬಿ ಬರುತ್ತದೆ ಎಂದು ಗಾದೆ ಹೇಳುವ ಹುಬ್ಬೆ ಅವತ್ತು ಮಾತು ಉಳಿಸಿಕೊಂಡಿತು. ಮೂರನೇ ಸಲ ಕೋಡಿ ಬಿದ್ದದ್ದು 2025ರ ಜನವರಿಯಲ್ಲಿ. ಜನವರಿಗೆ ನಮ್ಮ ಲೆಕ್ಕದಲ್ಲಿ ಮಳೆಯೇ ಇಲ್ಲ. ಭದ್ರೆಯಿಂದ ಎತ್ತಿ ಹರಿಸಿದ ನೀರು ಸೇರಿ ತುಂಬಿದ ಕಟ್ಟೆ ಅದು. ಪಂಚಾಂಗದಲ್ಲಿ ಇದಕ್ಕೆ ಜಾಗವಿಲ್ಲ, ಪಂಪು ಕಾಲುವೆಗಳ ಲೆಕ್ಕದಲ್ಲಿ ಇದೆ.

ಗಾದೆಗಳನ್ನು ಅಂಕಿಗಳಲ್ಲಿ ಪರೀಕ್ಷಿಸುವ ದಾರಿಯೂ ಇದೆ. ದೇಶದಲ್ಲೇ ಮೊದಲನೆಯದಾಗಿ 1988ರಲ್ಲಿ ಬರ ನಿರ್ವಹಣೆಗೆಂದು ಪ್ರತ್ಯೇಕ ಕೇಂದ್ರ ತೆರೆದದ್ದು ಕರ್ನಾಟಕ. ಅದೇ ಬೆಳೆದು ಇವತ್ತು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದರ ಮಳೆಮಾಪಕಗಳಿವೆ, ‘ವರುಣಮಿತ್ರ’ ಎಂಬ ಸಹಾಯವಾಣಿಯಿದೆ. ಆ ಅಂಕಿಗಳನ್ನು ತಿಂಗಳ ಬದಲು ನಕ್ಷತ್ರವಾರು ಕೂಡಿಸಿ ಪ್ರತಿ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿದರೆ, ಯಾವ ಗಾದೆ ನಮ್ಮೂರಿನದು, ಯಾವುದು ತೀರ್ಥಹಳ್ಳಿಯಿಂದ ಸಾಲ ತಂದದ್ದು ಎಂದು ರೈತರೇ ಓದಿಕೊಳ್ಳುತ್ತಾರೆ. ಇದಕ್ಕೆ ಹೆಚ್ಚಿನ ಖರ್ಚೂ ಇಲ್ಲ.

ಇನ್ನೊಂದು ಕೆಲಸಕ್ಕೆ ಅಷ್ಟೂ ಬೇಡ. ಯಾವ ವರ್ಷ ಹೇಗೇ ಬಿದ್ದರೂ ನಾಯಕನಹಟ್ಟಿ ತೇರಿಗೂ ಏಪ್ರಿಲ್ ಕೊನೆಯ ಭರಣಿ ಮಳೆಗೂ ನಡುವೆ ಮೂರು ವಾರವಾದರೂ ಬಿಡುವು ಸಿಗುತ್ತದೆ. ಕೆರೆಗೆ ನೀರು ತರುವ ಕಾಲುವೆಗಳಲ್ಲಿ ಬೆಳೆದ ಜಾಲಿ ಕಡಿಯಲು, ತೂಬಿನ ಬಾಯಿ ಬಿಡಿಸಲು, ಒಂದಿಷ್ಟು ಹೂಳೆತ್ತಲು ಅಷ್ಟು ದಿನ ಸಾಕು. ಉದ್ಯೋಗ ಖಾತ್ರಿಯ ಕೂಲಿಯಲ್ಲಿ ಈ ಕೆಲಸಕ್ಕೆ ಮೊದಲಿನಿಂದಲೂ ಅವಕಾಶವಿದೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಚಳ್ಳಕೆರೆಯ ಪಂಚಾಯಿತಿಗಳು ತೇರು ಮುಗಿದ ಮರುವಾರವೇ ಕೆರೆ ಅಂಗಳಕ್ಕೆ ಸಲಿಕೆ ಗುದ್ದಲಿ ಕಳಿಸಲಿ. ದುಡಿದವರಿಗೆ ದುಡಿದಷ್ಟು ಕೂಲಿಯನ್ನೂ ತಡಮಾಡದೆ ಕೊಡಲಿ.